ಬಂತು, ಬಂದ್ಲು, ಬಂದ್ರು: ಶಿರಸಿಯ ಒಂದು ಮನೆಯ ಪ್ರಕರಣ

ಇದು ಯಾವುದೇ ಒಂದು ಮನೆಯ ಕತೆಯಲ್ಲ. ಶಿರಸಿ ಸೀಮೆಯ ಮನೆಗಳಲ್ಲಿ ನಡೆಯುವಂಥದ್ದನ್ನು ಜೋಡಿಸಿ ಕಟ್ಟಿದ ಮಾದರಿ ಪ್ರಕರಣ.

ಅಡಿಕೆ ತೋಟದ ಹವ್ಯಕ ಮನೆ. ಅಜ್ಜಿಗೆ ಎಂಬತ್ತು ದಾಟಿದೆ. ಮಗ ತೋಟ ನೋಡಿಕೊಳ್ಳುತ್ತಾರೆ, ಸೊಸೆ ಶಾಲೆಯಲ್ಲಿ ಕನ್ನಡ ಕಲಿಸುತ್ತಾರೆ. ಇಬ್ಬರು ಮಕ್ಕಳಲ್ಲಿ ದೊಡ್ಡವರು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಅವರನ್ನು ಇಲ್ಲಿ ಶಶಿ ಎನ್ನೋಣ. ಸಣ್ಣ ಮಗಳಿಗೆ ಕಾರವಾರದ ಕೊಂಕಣಿ ಮನೆಯ ಹುಡುಗನ ಜೊತೆ ಮದುವೆ ನಿಶ್ಚಯವಾಗಿದೆ. ಮದುವೆ ಹತ್ತಿರ ಬಂದಾಗ ಶಶಿ ಮನೆಯವರ ಮುಂದೆ ಒಂದು ವಿಷಯ ಇಟ್ಟರು: ತಾನು ಹೆಣ್ಣೂ ಅಲ್ಲ, ಗಂಡೂ ಅಲ್ಲ, ತನ್ನ ಬಗ್ಗೆ ಮಾತಾಡುವಾಗ 'ಅವಳು' ಬೇಡ, 'ಅವನು' ಬೇಡ, 'ಅವರು' ಎನ್ನಿ, ಮದುವೆ ಕಾಗದದಲ್ಲೂ ಹಾಗೇ ಇರಲಿ.

ಕೂಗಾಟವೇನೂ ಆಗಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಲಿ ಎಂದರು. ತೊಡಕು ಶುರುವಾದದ್ದು ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ. ಅಜ್ಜಿ ಸೊಸೆಗೆ ಶಶಿಯ ಬಗ್ಗೆ ಎಂದಿನಂತೆ ಹೇಳಿದರು: "ಕೂಸು ರಾತ್ರೆ ಬಂತು, ಇನ್ನೂ ಎದ್ದಿದ್ದಿಲ್ಲೆ. ಅದಕ್ಕೆ ಎರಡು ತೆಳ್ಳೇವು ತೆಗೆದಿಡು." ಬಾಗಿಲಲ್ಲಿ ನಿಂತಿದ್ದ ಶಶಿಯ ಮುಖ ಸಣ್ಣದಾಯಿತು. ಅಜ್ಜಿಗೆ ಏನು ತಪ್ಪಾಯಿತೆಂದು ತಿಳಿಯಲಿಲ್ಲ. 'ಅವಳು' ಬೇಡ ಅಂದರಲ್ಲ, ಅಜ್ಜಿ 'ಅವಳು' ಅಂದಿರಲೂ ಇಲ್ಲ. ಆ ಬಾಯಲ್ಲಿ 'ಅವಳು' ಎಂಬುದು ಯಾವತ್ತೂ ಇರಲಿಲ್ಲ.

ಮೂರು ತಲೆಮಾರಿನ ಕನ್ನಡ

ಹವ್ಯಕ ಕನ್ನಡದ ಏಕವಚನದಲ್ಲಿ ಎರಡೇ ಪಾಲು. ಗಂಡಸಾದರೆ 'ಅಂವ', ಉಳಿದದ್ದಕ್ಕೆಲ್ಲ 'ಅದು'. ಆಯಿ ಬಂತು, ಅಕ್ಕ ಬಂತು, ದನ ಬಂತು, ಕ್ರಿಯಾಪದ ಒಂದೇ. ಅದರಲ್ಲಿ ತಾತ್ಸಾರವಿಲ್ಲ, ಸ್ವಂತ ತಾಯಿಗೂ ಹಾಗೇ ಹೇಳುತ್ತಾರೆ. ಬಹುವಚನಕ್ಕೂ ಮರ್ಯಾದೆಗೂ 'ಅವು'. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಬಯಲುಸೀಮೆಯಿಂದ ಬಂದ ಸೊಸೆಯಂದಿರು ಮೊದಮೊದಲು ಬೇಸರ ಮಾಡಿಕೊಳ್ಳುವುದೂ ಉಂಟು. ಆದರೆ ದ್ರಾವಿಡ ಭಾಷೆಗಳಲ್ಲಿ ಇದು ಒಂಟಿಯಲ್ಲ. ತೆಲುಗಿನಲ್ಲಿಯೂ ಹೆಂಗಸು ಬಂದರೂ ಹಸು ಬಂದರೂ ಏಕವಚನದಲ್ಲಿ 'ವಚ್ಚಿಂದಿ'. ಮೂಲ ದ್ರಾವಿಡದಲ್ಲಿ ಏಕವಚನ ಗಂಡು ಮತ್ತು ಗಂಡಲ್ಲದ್ದು ಎಂದು ಎರಡೇ ಆಗಿ ಒಡೆದಿತ್ತು, 'ಅವಳ್' ಎಂಬುದು ತಮಿಳು–ಕನ್ನಡದ ಬಳಗದಲ್ಲಿ ಆಮೇಲೆ ಹುಟ್ಟಿದ್ದು ಎಂಬುದು ಭಾಷಾವಿಜ್ಞಾನಿ ಭದ್ರಿರಾಜು ಕೃಷ್ಣಮೂರ್ತಿಯವರ ವಾದ. ಹವ್ಯಕದ 'ಅದು' ಆ ಹಳತರ ಉಳಿಕೆಯೋ, ನಂತರ ಆದ ಬದಲಾವಣೆಯೋ ಎಂಬುದು ಬೇರೆ ಚರ್ಚೆ.

ಒಂದು ಸೂಕ್ಷ್ಮ ಇಲ್ಲಿದೆ. 'ಅದು' ಲಿಂಗವಿಲ್ಲದ ಪದ ಎಂದು ಖುಷಿಪಡುವ ಹಾಗಿಲ್ಲ. ಹವ್ಯಕದಲ್ಲಿ ಅದರ ಎದುರಿಗೆ 'ಅಂವ' ಇದೆ, ಹಾಗಾಗಿ 'ಅದು' ಎಂದರೆ 'ಗಂಡಲ್ಲ' ಎಂದಾಗುತ್ತದೆ. ಮಗಳಾಗಿ ಬೆಳೆದ ಶಶಿಗೆ ಅಜ್ಜಿ 'ಅದು' ಎಂದರೆ ಹಳೆಯದೇ ಮುಂದುವರಿಯಿತು ಅಷ್ಟೆ. ಮಗನಾಗಿ ಬೆಳೆದವರೊಬ್ಬರು ಇದೇ ಮನೆಯಲ್ಲಿ ಇದೇ ಮಾತು ಕೇಳಿದ್ದರೆ 'ಅದು' ಅವರನ್ನು ನೇರವಾಗಿ ಹೆಂಗಸರ ಸಾಲಿಗೆ ಸೇರಿಸುತ್ತಿತ್ತು.

ಅಮ್ಮನದು ಬೇರೆ ಕನ್ನಡ. ಮನೆಯಲ್ಲಿ ಹವ್ಯಕ, ಶಾಲೆಯಲ್ಲಿ ಪಠ್ಯದ ಕನ್ನಡ. ಮಕ್ಕಳೊಡನೆ ಎರಡೂ ಬೆರೆತು 'ಅವಳು ಬಂದ್ಲು' ಎನ್ನುವುದೇ ರೂಢಿಯಾಗಿದೆ. ಪಠ್ಯದ ಕನ್ನಡಕ್ಕೆ ಸ್ತ್ರೀಲಿಂಗ ಕಡ್ಡಾಯ.

ಶಶಿ ಈ ಎರಡರ ನಡುವೆ ಬೆಳೆದು ಬೆಂಗಳೂರಿಗೆ ಹೋದವರು. ಅಲ್ಲಿನ ಬೀದಿಯಲ್ಲಿ 'ಅದು', 'ಇದು' ಎಂದರೆ ಲಿಂಗತ್ವ ಅಲ್ಪಸಂಖ್ಯಾತರನ್ನು ಹೀಯಾಳಿಸುವ ಮಾತು. ಅಜ್ಜಿಯ 'ಅದು' ಅಕ್ಕರೆಯದು, ಬಸ್‌ಸ್ಟ್ಯಾಂಡಿನ 'ಅದು' ಹೊಡೆಯುವಂಥದ್ದು. ಕಿವಿಗೆ ಬೀಳುವ ಶಬ್ದ ಮಾತ್ರ ಒಂದೇ. ಅಡುಗೆಮನೆಯ ಬಾಗಿಲಲ್ಲಿ ಆದದ್ದು ಇದು.

'ಅವರು' ಯಾಕೆ ಸಲೀಸಾಗಲಿಲ್ಲ

ಕನ್ನಡದಲ್ಲಿ ಗಂಡು–ಹೆಣ್ಣು ಭೇದವಿಲ್ಲದ ಸರ್ವನಾಮ ಇಲ್ಲ ಎಂದು ಹೇಳುವವರಿದ್ದಾರೆ. ಇದೆ, ಎರಡಿವೆ. ತೊಂದರೆ ಏನೆಂದರೆ ಒಂದು ಮರ್ಯಾದೆಯ ತುದಿಯಲ್ಲಿದೆ, ಇನ್ನೊಂದು ಬುಡದಲ್ಲಿ. ಬುಡದಲ್ಲಿ 'ಅದು': ಮಗು, ದನ, ವಸ್ತು. ಅದರ ಮೇಲೆ 'ಅವನು, ಅವಳು'. ಅದಕ್ಕೂ ಮೇಲೆ ಪತ್ರಿಕೆಗಳು ಬಳಸುವ 'ಆತ, ಆಕೆ'. ತುದಿಯಲ್ಲಿ 'ಅವರು'. ಲಿಂಗ ಗಟ್ಟಿಯಾಗಿ ಕೂತಿರುವುದು ನಡುವಿನ ಎರಡರಲ್ಲಿ, ಸಲಿಗೆಯವರ ಬಗ್ಗೆ, ಸಮವಯಸ್ಕರ ಬಗ್ಗೆ, ಕಿರಿಯರ ಬಗ್ಗೆ ಮಾತಾಡುವ ಜಾಗದಲ್ಲಿ.

ಹಾಗಾಗಿ ಶಶಿಯನ್ನು 'ಅವರು' ಎನ್ನಲು ಆಫೀಸಿನವರಿಗೆ ಏನೂ ಕಷ್ಟವಿಲ್ಲ, ತೋಟದ ಕೆಲಸಕ್ಕೆ ಬರುವವರಿಗೂ ಇಲ್ಲ. ಅವರು ಮೊದಲಿಂದಲೂ ಹಾಗೇ ಹೇಳುತ್ತಿದ್ದರು. ಕಷ್ಟವಾದದ್ದು ಹಿರಿಯರಿಗೆ. ತಾನು ಎತ್ತಿ ಆಡಿಸಿದ ಮಗುವಿಗೆ ದೊಡ್ಡಮ್ಮ 'ಅವರು ಎದ್ರಾ?' ಎಂದರೆ ಕೇಳುವವರಿಗೆ ಅದು ಕುಟುಕು. ತಡವಾಗಿ ಏಳುವ ಮಗನಿಗೆ 'ರಾಯರು ಎದ್ರಾ' ಎನ್ನುವುದಿಲ್ಲವೇ, ಅದೇ ಧಾಟಿ. ಒಮ್ಮೆ ಹೀಗೇ ಆಯಿತು. ದೊಡ್ಡಮ್ಮ ನಿಜವಾಗಿ ಶಶಿಯ ಮಾತು ನಡೆಸಲೆಂದೇ 'ಅವರಿಗೆ ಚಾ ಕೊಟ್ಯಾ?' ಎಂದರು. ಜಗಲಿಯಲ್ಲಿದ್ದ ನಾಲ್ಕು ಜನ ನಕ್ಕರು. ಶಶಿಗೆ ಅಪಹಾಸ್ಯ ಎನಿಸಿತು, ದೊಡ್ಡಮ್ಮನಿಗೆ ಅವಮಾನವಾಯಿತು. ಯಾರ ಮನಸ್ಸಿನಲ್ಲಿಯೂ ಕೆಟ್ಟದ್ದಿರಲಿಲ್ಲ. ಇಬ್ಬರನ್ನೂ ಸಿಕ್ಕಿಸಿದ್ದು ಮರ್ಯಾದೆಯ ಏಣಿ.

ಶಶಿಯ ಬೇಡಿಕೆ ಇಂಗ್ಲಿಷ್ ಕಚೇರಿಯ ರೂಢಿಯಿಂದ ಬಂದದ್ದು. ಇಂಗ್ಲಿಷಿನಲ್ಲಿ ಒಬ್ಬರ ಬಗ್ಗೆ ಹೇಳುವಾಗಲೂ 'ದೇ' ಬಳಸುವುದು 14ನೇ ಶತಮಾನದಿಂದ ಸಿಗುತ್ತದೆ. ಗಂಡು–ಹೆಣ್ಣು ಎರಡೂ ಅಲ್ಲವೆನ್ನುವವರಿಗೆ ಅದೇ ಪದ ಎಂಬ ಅರ್ಥವನ್ನು ಮೆರಿಯಂ–ವೆಬ್‌ಸ್ಟರ್ ನಿಘಂಟು ಸೇರಿಸಿದ್ದು 2019ರಲ್ಲಿ. ಸ್ವೀಡನ್ನಿನಲ್ಲಿ 'ಹೆನ್' ಎಂಬ ಹೊಸ ಸರ್ವನಾಮ 2015ರಲ್ಲಿ ಅಲ್ಲಿನ ಅಕಾಡೆಮಿಯ ಪದಪಟ್ಟಿಗೆ ಬಂತು. ಈ ಎರಡೂ ಕಡೆ ಸರ್ವನಾಮ ಬದಲಾದರೆ ಮುಕ್ಕಾಲು ಕೆಲಸ ಮುಗಿಯುತ್ತದೆ, ಯಾಕೆಂದರೆ ಅಲ್ಲಿನ ಕ್ರಿಯಾಪದ ಗಂಡು–ಹೆಣ್ಣು ಎಣಿಸುವುದಿಲ್ಲ. ನಮ್ಮ ಪಕ್ಕದ ಮಲಯಾಳದಲ್ಲಿಯೂ ಕ್ರಿಯಾಪದದ ಲಿಂಗ ಎಂದೋ ಕಳಚಿ ಹೋಗಿದೆ. ಯಾರು ಬಂದರೂ 'ವನ್ನು'. ಕನ್ನಡ ಹಾಗಲ್ಲ. ಕನ್ನಡದಲ್ಲಿ ಸರ್ವನಾಮವನ್ನು ಬಿಟ್ಟೇ ಮಾತಾಡಬಹುದು, ಕ್ರಿಯಾಪದದ ಬಾಲವನ್ನು ಬಿಡಲಾಗುವುದಿಲ್ಲ.

ಅಮ್ಮನ ತಪ್ಪುಗಳಲ್ಲಿ ಇದು ಸ್ಪಷ್ಟವಾಗಿ ಕಂಡಿತು. 'ಅವಳು' ಎಂದು ಬಾಯಿಗೆ ಬಂದದ್ದನ್ನು ಅವರು ತಡೆದು 'ಅವರು' ಎಂದು ಶುರುಮಾಡುತ್ತಿದ್ದರು, ವಾಕ್ಯ ಮುಗಿಯುವಾಗ 'ಅವರು ಆಗಲೇ ಹೋದ್ಲು' ಎಂದಾಗುತ್ತಿತ್ತು. ಗಮನವೆಲ್ಲ ವಾಕ್ಯದ ತಲೆಯ ಮೇಲೆ, ಬಾಲ ತನ್ನಷ್ಟಕ್ಕೆ ಹೊರಳುತ್ತದೆ. ಇದಕ್ಕೆ ಅಭ್ಯಾಸ ಉಲ್ಟಾ ಮಾಡಬೇಕು. ಸರ್ವನಾಮವನ್ನು ಪೂರ್ತಿ ಮರೆತುಬಿಡಿ. ಹೆಸರು ಹೇಳಿ, ಕ್ರಿಯಾಪದ ಮಾತ್ರ ರೂಢಿಸಿ. 'ಶಶಿ ಹೋದ್ರು, ಶಶಿ ತಿಂದ್ರು, ಶಶಿ ಮಲಗಿದಾರೆ.' ಇದನ್ನು ಹಿಡಿದ ಮೇಲೆ ಅಮ್ಮನ ತಪ್ಪು ಬೇಗ ಇಳಿಯಿತು.

ಲಿಂಗ ಎಲ್ಲೆಲ್ಲಿ ಇಲ್ಲ

ಹಿರಿಯರಿಗೆ 'ಹೋದ್ರು' ಕೂಡ ಬಾಯಿಗೆ ಬರುವುದಿಲ್ಲ. ಅವರಿಗೆ ಬೇರೆ ದಾರಿ ಬೇಕು, ಅದು ಕನ್ನಡದ ಒಳಗೇ ಇದೆ. ಕ್ರಿಯಾಪದಕ್ಕೆ ಲಿಂಗ ಬೇಕಾಗುವುದು ಒಬ್ಬರ ಬಗ್ಗೆ, ಎದುರಿಗಿಲ್ಲದವರ ಬಗ್ಗೆ, 'ಹೌದು' ಎನ್ನುವ ಧಾಟಿಯಲ್ಲಿ, ವಾಕ್ಯ ಮುಗಿಸುವಾಗ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಲಿಂಗ ಬಿದ್ದುಹೋಗುತ್ತದೆ.

ನಿಷೇಧದಲ್ಲಿ ಲಿಂಗವಿಲ್ಲ: ಶಶಿ ಬಂದಿಲ್ಲ, ಬರೋದಿಲ್ಲ, ಬರಬಾರದು. ಹಿಂದೆ ಇತ್ತು. ಹಳಗನ್ನಡ, ನಡುಗನ್ನಡಗಳಲ್ಲಿ 'ಬಾರನು, ಬಾರಳು' ಎಂದು ಬೇರೆಬೇರೆ ಹೇಳುತ್ತಿದ್ದರು. ಆ ರೂಪಗಳು ಮಾತಿನಿಂದ ಜಾರಿ 'ಇಲ್ಲ' ಬಂದು ಕೂತಿತು, ಲಿಂಗವೂ ಅದರೊಂದಿಗೆ ಹೋಯಿತು. ಯಾರೂ ಚಳವಳಿ ಮಾಡಿರಲಿಲ್ಲ, ಯಾರಿಗೂ ಗೊತ್ತೂ ಆಗಲಿಲ್ಲ. ಭಾಷೆ ತಲೆಮಾರಿನಿಂದ ತಲೆಮಾರಿಗೆ ಹೀಗೆಯೂ ಬದಲಾಗುತ್ತದೆ ಎನ್ನುವವರು ಮೊದಲು ತೋರಿಸಬೇಕಾದ ಉದಾಹರಣೆ ಇದೇ ಎಂದು ನಮ್ಮ ಅಭಿಪ್ರಾಯ.

ಬಯಕೆ, ಅನುಮತಿ, ಅಗತ್ಯಗಳಲ್ಲಿಯೂ ಲಿಂಗವಿಲ್ಲ: ಬರಲಿ, ಬರಬಹುದು, ಬರಬೇಕು. 'ಗೆ' ಹಚ್ಚಿದ ವಾಕ್ಯಗಳಲ್ಲಿ ಇಲ್ಲ: ಶಶಿಗೆ ಹಸಿವು, ಶಶಿಗೆ ಗೊತ್ತು, ಶಶಿಗೆ ಜ್ವರ ಬಂದಿದೆ. 'ಊಟ ಆಯ್ತು, ಸ್ನಾನ ಆಯ್ತು' ಎಂದು ಕೆಲಸವನ್ನೇ ಮುಂದಿಟ್ಟರೆ ಇಲ್ಲ. ಉದ್ದದ ಸುದ್ದಿ ಹೇಳಬೇಕಾದಾಗ 'ಬಂದು, ಇಳಿದು, ಹಿಡಿದು' ಎಂದು ಪೋಣಿಸಿಕೊಂಡು ಹೋಗಿ ಕೊನೆಯ ಕ್ರಿಯಾಪದವನ್ನು 'ದ್ದು' ಮಾಡಿದರಾಯಿತು: 'ಶಶಿ ರಾತ್ರಿ ಬಸ್ಸಿಗೆ ಬಂದು, ಶಿರಸಿಯಲ್ಲಿ ಇಳಿದು, ರಿಕ್ಷಾ ಹಿಡಿದು ಮನೆ ಮುಟ್ಟಿದ್ದು ಏಳು ಗಂಟೆಗೆ.' ಇಷ್ಟು ಉದ್ದದ ವಾಕ್ಯದಲ್ಲಿ ಶಶಿ ಗಂಡೋ ಹೆಣ್ಣೋ ಎಂಬ ಸುಳಿವು ಎಲ್ಲಿಯೂ ಇಲ್ಲ, ಕೃತಕವೂ ಅನಿಸುವುದಿಲ್ಲ. 'ತಾನು, ತನ್ನ, ತನಗೆ' ಸಹ ಇದೇ ಗುಂಪಿನವು. ಬರೆಯುವಾಗ ಮಾತ್ರ 'ಅವರು' ಜೊತೆ 'ತಮ್ಮ' ಎಂದೇ ಬರಬೇಕಾದ್ದರಿಂದ 'ಶಶಿ ತಮ್ಮ ಚೀಲ ತಂದರು' ಎಂಬಲ್ಲಿ ತಮ್ಮ ಯಾರ ತಮ್ಮ ಎಂದು ಓದುಗ ಒಂದು ಕ್ಷಣ ನಿಲ್ಲುತ್ತಾನೆ.

ಅಪ್ಪನಿಗೆ ಇದ್ಯಾವುದೂ ಬೇಕಾಗಲಿಲ್ಲ. ಅವರು ಮಕ್ಕಳ ಬಗ್ಗೆ ಮೊದಲಿಂದಲೂ 'ನಮ್ಮನೆ ದೊಡ್ಡದು ಬೆಂಗಳೂರಲ್ಲಿದ್ದು, ಸಣ್ಣದಕ್ಕೆ ಮದುವೆ' ಎಂದೇ ಹೇಳುತ್ತಿದ್ದವರು. 'ದೊಡ್ಡದು' ಎಂಬಲ್ಲಿಯೂ ಇರುವುದು 'ಅದು'ವೇ. ಆದರೆ ಇದು ಮಗನಿಗೂ ಹೊಂದುವ ಮಾತು. ಪಕ್ಕದ ಮನೆಯವರು ಗಂಡುಮಕ್ಕಳಿಗೂ ಹೀಗೇ ಹೇಳುತ್ತಾರೆ. ಶಶಿ ಇದನ್ನು ತಕರಾರಿಲ್ಲದೆ ಒಪ್ಪಿಕೊಂಡರು.

ಹೀಗೆ ಲಿಂಗ ತಪ್ಪಿಸುವ ಉಪಾಯಕ್ಕೂ ಮಿತಿ ಇದೆ. ಇಡೀ ದಿನ ಒಬ್ಬರ ಬಗ್ಗೆ 'ಬಂದಾಯ್ತು, ತಿಂದಾಯ್ತು' ಎಂದೇ ಹೇಳಿದರೆ ಕೇಳುವವರಿಗೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎನಿಸುತ್ತದೆ. ಓರೆಗೆರೆ ಹಾಕಿ 'ಬಂದಿದ್ದಾನೆ/ಳೆ' ಎಂದು ಬರೆಯುವುದು ಫಾರಮ್ಮಿಗೆ ಸರಿ, ಬಾಯಲ್ಲಿ ಹೇಳಲಾಗದು. ಜೊತೆಗೆ ಎರಡೂ ಅಲ್ಲ ಎನ್ನುವವರಿಗೆ ಎರಡನ್ನೂ ಕೊಟ್ಟಂತಾಗುತ್ತದೆ. 'ಆ ವ್ಯಕ್ತಿ' ಎಂದರೆ ಪೊಲೀಸ್ ಪ್ರಕಟಣೆಯ ಧ್ವನಿ.

ಎದುರಿಗೆ ಕರೆಯುವಾಗ

ನಾನು, ನೀನುಗಳಲ್ಲಿ ಲಿಂಗವಿಲ್ಲ ಎಂದು ವ್ಯಾಕರಣ ಹೇಳುತ್ತದೆ. ಮಾತಾಡುವವರಿಗೆ ಗೊತ್ತು, ಅದು ಅರ್ಧ ನಿಜ. 'ಬಾರೋ, ಬಾರೇ', 'ಏನೋ, ಏನೇ', 'ಮಾರಾಯ, ಮಾರಾಯ್ತಿ' ಎಲ್ಲ ಇರುವುದು ಎದುರಿನವರಿಗೇ. ಸಲಿಗೆ ಹೆಚ್ಚಿದಷ್ಟೂ ಈ ಬಾಲಗಳು ಹೆಚ್ಚು. ಶಶಿಗೆ ಹೆಚ್ಚು ಚುಚ್ಚುತ್ತಿದ್ದದ್ದು ಅಮ್ಮನ 'ಅವಳು' ಅಲ್ಲ, ಗೆಳತಿಯರ 'ಏನೇ'. ಬರೀ 'ಬಾ' ಎಂದರೆ ಸಿಟ್ಟು ಬಂದಿದೆಯೇನೋ ಎನಿಸುತ್ತದೆ. ಗೆಳತಿಯರು ಕೊನೆಗೆ 'ಬಾ ಶಶಿ, ಏನ್ ಶಶಿ' ಎಂದು ಬಾಲದ ಜಾಗಕ್ಕೆ ಹೆಸರನ್ನು ತಂದರು; 'ಮಾರಾಯ' ಮಾತ್ರ ಉಳಿಯಿತು. ಕರಾವಳಿಯಲ್ಲಿ ಹೆಂಗಸರಿಗೂ 'ಎಂತ ಮಾರಾಯ' ಎಂದು ಬಾಯಿತಪ್ಪಿ ಬರುವುದಿರುವುದರಿಂದ ಅದಕ್ಕೆ ಗಂಡಿನ ಅಂಟು ಸ್ವಲ್ಪ ಕಡಿಮೆ.

ಸಂಬಂಧದ ಹೆಸರುಗಳು ಇನ್ನೂ ಬಿಗಿ. ತಂಗಿಗೆ ಹುಟ್ಟಿದಾಗಿನಿಂದ ಶಶಿ 'ಅಕ್ಕ'. ಹಿರಿಯರನ್ನು ಹೆಸರು ಹಿಡಿದು ಕರೆಯುವುದು ಆ ಮನೆಯಲ್ಲಿ ಸಲ್ಲದು, 'ಅಣ್ಣ' ಎಂದರೆ ಶಶಿಗೂ ಬೇಡ. ಅಕ್ಕ–ಅಣ್ಣ ಎರಡಕ್ಕೂ ಹೊರತಾದ ಒಂದು ಪದ ಕನ್ನಡದಲ್ಲಿ ಇಲ್ಲ; ತಂಗಿ–ತಮ್ಮನಿಗೂ ಇಲ್ಲ. ಶಶಿ ತಂಗಿಯ ಬಾಯಲ್ಲಿ 'ಅಕ್ಕ' ಇರಲಿ ಎಂದು ಬಿಟ್ಟರು, ಉಳಿದವರಿಂದ ಬೇಡ ಎಂದರು. ನಿಯಮದ ಪ್ರಕಾರ ಇದು ಅಸಂಗತ. ಮನೆಗಳಲ್ಲಿ ಆಗುವುದು ಹೀಗೇ, ಅದನ್ನು ಸರಿಪಡಿಸಲು ಹೊರಟರೆ ಇರುವ ಒಪ್ಪಂದವೂ ಮುರಿಯುತ್ತದೆ.

ಅಪ್ಪನಿಗೆ ಯಕ್ಷಗಾನದ ಹುಚ್ಚು. ಸ್ತ್ರೀವೇಷ ರಂಗದ ಮೇಲಿರುವಾಗ 'ಅವಳು ಎಂಥ ಮಾತಾಡಿದಳು' ಎನ್ನುವ ಪ್ರೇಕ್ಷಕರೇ ಚೌಕಿಗೆ (ಬಣ್ಣದ ಮನೆಗೆ) ಹೋಗಿ 'ಅವರ ಅರ್ಥಗಾರಿಕೆ ಚಂದ' ಎನ್ನುತ್ತಾರೆ, ನಾಲಿಗೆ ತಡವರಿಸುವುದಿಲ್ಲ. ಯಾವ ಪದ ಎಲ್ಲಿ ಎಂದು ಒಪ್ಪಿಕೊಂಡರೆ ಅಭ್ಯಾಸವಾಗುತ್ತದೆ ಎಂದು ಅವರು ನೆಂಟರಿಗೆ ವಿವರಿಸಿದ್ದು ಹೀಗೆ. ಉದಾಹರಣೆ ಪೂರ್ತಿ ಒಗ್ಗುವುದಿಲ್ಲ, ಶಶಿಯದು ವೇಷವಲ್ಲ. ನೆಂಟರಿಗೆ ತಿಳಿಯುವ ಮಟ್ಟಿಗೆ ಸಾಕಾಯಿತು.

ಮದುವೆ ಕಾಗದ

ಶಶಿ ವಧುವಲ್ಲವಾದ್ದರಿಂದ ಕಾಗದದ ಮೈಯಲ್ಲಿ ಅವರ ಪ್ರಸ್ತಾಪವಿಲ್ಲ; ಕೆಳಗೆ ಕರೆಯುವವರ ಪಟ್ಟಿಯಲ್ಲಿ ಮಾತ್ರ. ಮದುವೆಯಾಗದವರ ಹೆಸರಿನ ಹಿಂದೆ ರೂಢಿಯಲ್ಲಿ 'ಕು.' ಬರುತ್ತದೆ. ಇದು ಕುಮಾರನಿಗೂ ಸಲ್ಲುತ್ತದೆ, ಕುಮಾರಿಗೂ ಸಲ್ಲುತ್ತದೆ. 'ಚಿ.' ಕೂಡ ಹಾಗೇ, 'ಸೌ.' ಸೇರಿದರೆ ಮಾತ್ರ ಹೆಣ್ಣಾಗುತ್ತದೆ. ಹೀಗೆ ಹುಡುಕುತ್ತಿದ್ದ ತಟಸ್ಥ ಬಿರುದು ಹಳೆಯ ಕಾಗದಗಳಲ್ಲೇ ಇತ್ತು. 'ಕು. ಶಶಿ' ಎಂದು ಬರೆದುಕೊಟ್ಟರು. ಅಕ್ಷರ ಜೋಡಿಸಿದವರು ಉಪಕಾರ ಮಾಡುವ ಉತ್ಸಾಹದಲ್ಲಿ ಅದನ್ನು 'ಕುಮಾರಿ ಶಶಿ' ಎಂದು ಬಿಡಿಸಿಟ್ಟರು. ಕರಡು ನೋಡಿದ್ದರಿಂದ ತಪ್ಪಿತು. ಇಂಥ ಕಡೆ ಬರಹದ ಜೊತೆ 'ಬಿಡಿಸಿ ಬರೆಯಬಾರದು' ಎಂದು ಟಿಪ್ಪಣಿ ಹಾಕಿ, ಮೊದಲ ಕರಡನ್ನಲ್ಲ, ಅಚ್ಚಿಗೆ ಹೋಗುವ ಕೊನೆಯ ಕರಡನ್ನು ನೋಡಬೇಕು. ಬಿರುದೇ ಇಲ್ಲದೆ ಎಲ್ಲರ ಹೆಸರನ್ನೂ ಬರೀ ಹೆಸರಾಗಿ ಹಾಕುವುದು ಇನ್ನೂ ಸುಲಭ. ಒಬ್ಬರದ್ದಕ್ಕೆ ಮಾತ್ರ ತೆಗೆದರೆ ಅದೇ ಎದ್ದು ಕಾಣುತ್ತದೆ.

ದಾಖಲೆಗಳಲ್ಲಿ ಲಿಂಗ ಬದಲಿಸುವುದು ಇದರಿಂದ ಬೇರೆಯೇ ಕೆಲಸ. ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಸ್ವಂತ ಗುರುತನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಒಪ್ಪಿತ್ತು. ಕುಟುಂಬದವರು ಎರಡನ್ನೂ ಒಂದೇ ಸಲ ಕೈಗೆತ್ತಿಕೊಂಡರೆ ಮಾತಿನ ವಿಷಯ ಕಾಗದಪತ್ರದ ಗದ್ದಲದಲ್ಲಿ ಹಿಂದೆ ಬೀಳುತ್ತದೆ. ಇಲ್ಲಿ ಶಶಿಯೇ ಅದನ್ನು ಮದುವೆಯ ಆಚೆಗಿಟ್ಟರು.

ಕಾರವಾರದ ಬೀಗರು

ಎಲ್ಲರಿಗೂ ಹೆದರಿಕೆ ಇದ್ದದ್ದು ಬೀಗರ ಬಗ್ಗೆ. ಕಾರವಾರ, ಗೋವೆ ಕಡೆಯ ಕೊಂಕಣಿಯಲ್ಲಿ ಮೂರು ಲಿಂಗ: ತೊ ಆಯ್ಲೊ, ತಿ ಆಯ್ಲಿ, ತೆಂ ಆಯ್ಲೆಂ. ಹುಡುಗಿಗೆ ಹೇಳುವ 'ಚೆಡುಂ' ನಪುಂಸಕ, ಹಾಗಾಗಿ ಮದುವೆಯಾಗದ ಹುಡುಗಿಯರಿಗೆ ಸಾಮಾನ್ಯವಾಗಿ 'ತೆಂ'. ಮದುವೆಯಾದ, ವಯಸ್ಸಾದ ಹೆಂಗಸರಿಗೆ 'ತಿ'. ಬೀಗರ ಮನೆಯ ಹಿರಿಯರು ಊಟದ ಪಂಕ್ತಿಯಲ್ಲಿ ವಧುವನ್ನೂ ಶಶಿಯನ್ನೂ 'ತೆಂ' ಎಂದೇ ವಿಚಾರಿಸಿದರು. ಯಾರೂ ಹೇಳಿಕೊಡದೆಯೇ ನ್ಯೂಟ್ರಲ್ ಸಿಕ್ಕಿತು ಎಂದು ತಂಗಿ ನಕ್ಕಳು. ಮದುವೆ ಮುಗಿದು ಕೆಲವು ದಿನಕ್ಕೆ ಅವಳು 'ತಿ' ಆದಳು, ಶಶಿ 'ತೆಂ' ಆಗಿಯೇ ಉಳಿದರು. ಅಲ್ಲಿಯ ನಪುಂಸಕ ಅಳೆಯುವುದು ಮದುವೆಯನ್ನು, ಲಿಂಗದ ಪ್ರಶ್ನೆಯನ್ನಲ್ಲ. ನಲವತ್ತು ದಾಟಿದ ಅವಿವಾಹಿತರನ್ನು ಏನೆನ್ನುವುದು ಎಂದು ಕೇಳಿದರೆ ಅಲ್ಲಿಯೂ ತಡವರಿಕೆ.

ಬದಲಾದದ್ದು ಎಷ್ಟು

ಒಂದೇ ಕಾಲದಲ್ಲಿ ಬೇರೆಬೇರೆ ವಯಸ್ಸಿನವರ ಮಾತನ್ನು ಹೋಲಿಸಿ ಭಾಷೆ ಯಾವ ಕಡೆ ಹೋಗುತ್ತಿದೆ ಎಂದು ನೋಡುವ ವಿಧಾನವನ್ನು 1960ರ ದಶಕದಲ್ಲಿ ಅಮೆರಿಕದ ವಿಲಿಯಂ ಲಬೋವ್ ಬೆಳೆಸಿದರು. ಈ ಮನೆಗೆ ಅದನ್ನು ಹಚ್ಚಿದರೆ ಅಜ್ಜಿಯಿಂದ ಮೊಮ್ಮಕ್ಕಳಿಗೆ ಬಂತು, ಬಂದ್ಲು, ಬಂದ್ರು ಎಂದು ನೇರ ಸಾಲು ಕಾಣುತ್ತದೆ. ಅದನ್ನು ಹಾಗೇ ನಂಬುವಂತಿಲ್ಲ. ತಂಗಿ ಬೆಂಗಳೂರಿನ ಫೋನಿಗೆ 'ಅವಳು ಬಂದ್ಲು' ಎಂದು, ಫೋನಿಟ್ಟು ಅಜ್ಜಿಗೆ 'ಅದು ಬಂತು' ಎನ್ನುತ್ತಾಳೆ. ಇದು ಆಳು ನೋಡಿ ಆಡುವ ಮಾತು, ಬದಲಾವಣೆಯಲ್ಲ. ಬದಲಾವಣೆ ಎನ್ನಬೇಕಾದರೆ ನೋಡಬೇಕಾದ್ದು ಬೆಂಗಳೂರಿನಲ್ಲೇ ಹುಟ್ಟಿದ ಚಿಕ್ಕಪ್ಪನ ಮಕ್ಕಳನ್ನು. ಅವರು ಅಜ್ಜಿಯ ಎದುರಿಗೂ ಅಜ್ಜಿಯ ಬಗ್ಗೆ 'ಅವರು' ಎನ್ನುತ್ತಾರೆ, ಅತ್ತೆ ಮಗಳ ಬಗ್ಗೆ 'ಅವಳು' ಎನ್ನುತ್ತಾರೆ. 'ಅದು' ಅವರಿಗೆ ತಮಾಷೆ. ಶಶಿಯ 'ಅವರು' ಈ ಮನೆಯಲ್ಲಿ ಬೇರು ಬಿಡುವ ಮೊದಲೇ ಅಜ್ಜಿಯ 'ಅದು' ಹೋಗಿಬಿಡುವ ಸಾಧ್ಯತೆ ಹೆಚ್ಚು.

ಮದುವೆಯ ನಂತರದ ಸ್ಥಿತಿ ಹೀಗಿದೆ. ಅಜ್ಜಿಯ 'ಅದು' ಮುಂದುವರಿದಿದೆ. ಶಶಿ ಅದಕ್ಕೆ ಒಪ್ಪಿದ್ದಾರೆ, ಬೇರೆಯವರ ಬಾಯಲ್ಲಿ ಒಪ್ಪಿಲ್ಲ. ಅಮ್ಮ 'ಹೋದ್ರು, ಬಂದ್ರು' ಸರಾಗವಾಗಿ ಹೇಳುತ್ತಾರೆ, ಸಿಟ್ಟು ಬಂದಾಗ ಮಾತ್ರ 'ಅವಳು' ಹೊರಬರುತ್ತದೆ. ದೊಡ್ಡಮ್ಮ 'ಶಶಿದು ಊಟ ಆತಾ?' ಎಂದು ದಾರಿ ಕಂಡುಕೊಂಡಿದ್ದಾರೆ. ಇತ್ಯರ್ಥವಾಗದೆ ಉಳಿದದ್ದು ಸಂಬಂಧದ ಹೆಸರು. ಮುಂದೆ ತಂಗಿಯ ಮಕ್ಕಳು ಶಶಿಯನ್ನು ದೊಡ್ಡಮ್ಮ ಎನ್ನಬೇಕೋ, ಮಾವ ಎನ್ನಬೇಕೋ ಎಂದು ಕಾರವಾರದವರೂ ಕೇಳಿದ್ದಾರೆ, ಶಿರಸಿಯವರೂ ಕೇಳಿದ್ದಾರೆ. ಸದ್ಯಕ್ಕೆ ಎರಡೂ ಮನೆಯವರು ಒಪ್ಪಿರುವುದು ಬರೀ 'ಶಶಿ' ಎಂಬುದಕ್ಕೆ. ಅಜ್ಜಿಗೆ ಅದು ಹಿಡಿಸಿಲ್ಲ.